ಅಗೆದು ನೋಡದ ಬುಡ

ಡಾಕ್ಟರಿಗೆ ನಮಸ್ಕಾರ.

ಈ ಪತ್ರ ತಂದವರು ನನ್ನ ಗಂಡ. ನಿನ್ನೆ ಮಧ್ಯಾಹ್ನ ಕಾಡಿನ ಅಣಬೆ ಬೇಯಿಸಿಕೊಂಡು ತಿಂದು, ರಾತ್ರಿಯಿಂದ ಇವತ್ತು ಬೆಳಗಿನವರೆಗೂ ವಾಂತಿ ಮಾಡಿಕೊಂಡರು. ಈಗ, "ಹೊಟ್ಟೆ ಹಗುರಾಯ್ತು ಕಣೇ, ಆಸ್ಪತ್ರೆ ಗೀಸ್ಪತ್ರೆ ಏನೂ ಬೇಡ" ಎಂದು ನಗುತ್ತಿದ್ದಾರೆ. ದಯವಿಟ್ಟು ನಂಬಬೇಡಿ. ಈ ವಿಷ ವಾಂತಿ ನಿಂತ ಮೇಲೆ ಒಂದು ದಿನ ಸುಮ್ಮನಿದ್ದು ಆಮೇಲೆ ಲಿವರಿಗೆ ಕೈಹಾಕುತ್ತದೆ.

ಎರಡು ಫೋಟೊ ಇಟ್ಟಿದ್ದೇನೆ. ಮೊದಲನೆಯದನ್ನು ನಿನ್ನೆ ತೆಗೆದು, "ಧಾರಾಳವಾಗಿ ತಿನ್ನಬಹುದು" ಎಂದವಳು ನಾನೇ. ಇಪ್ಪತ್ತು ವರ್ಷದಿಂದ ಅಣಬೆ ಗುರುತಿಸುವವಳು, ಬುಡ ಅಗೆದು ನೋಡಲಿಲ್ಲ. ಇವತ್ತು ಅದೇ ಜಾಗದಲ್ಲಿ ಅಗೆದೆ. ಎರಡನೆಯದರಲ್ಲಿ ಬುಡಕ್ಕೆ ಸುತ್ತಿಕೊಂಡು ಮಣ್ಣಿನೊಳಗಿದ್ದ ಬಿಳಿ ಚೀಲ ಕಾಣುತ್ತದೆ; ಅದೇ ವಿಷದ ಅಣಬೆಯ ಗುರುತು.

ಎರಡು ತುತ್ತು ತಿಂದ ಅತ್ತೆಯನ್ನು ಕರೆದುಕೊಂಡು ಹಿಂದೆಯೇ ಬರುತ್ತೇನೆ. ನನ್ನ ಮಾತ್ರೆಯ ಚೀಟಿ ಕೊಟ್ಟು ಬನ್ನಿ ಎಂದು ಸುಳ್ಳು ಹೇಳಿ ಇವರನ್ನು ಕಳಿಸಿದ್ದೇನೆ. ಓದಿದ್ದನ್ನು ಮುಖದಲ್ಲಿ ತೋರಿಸದೆ, ಮೊದಲು ಬಾಗಿಲು ಹಾಕಿಸಿ.

ಇತಿ,
ನಿಮ್ಮೆದುರು ಕೂತವರ ಹೆಂಡತಿ