ಕಂದು ಹಾಕಿದ ಆಡಿನ ಹಾಲು

ದೇವದುರ್ಗ
9 ಡಿಸೆಂಬರ್ 2024

ಅಕ್ಕಾ,

ಮಾನ್ವಿಯಲ್ಲಿ ನೀನು, ಮಾವ, ಮಗಳು ಯಶೋಧಾ ಮೂವರೂ ಆರಾಮ ಇದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ. ದಸರೆಯಿಂದ ನನಗೂ ಅತ್ತೆಗೂ ಬಿಟ್ಟು ಬಿಟ್ಟು ಜ್ವರ. ಪೆನ್ನು ಹಿಡಿದರೆ ಬೆರಳಿನ ಕೀಲೆಲ್ಲ ನೋಯುತ್ತಿತ್ತು.

ಫೋನಿನ ಕಾಲದಲ್ಲಿ ಪತ್ರ ಯಾಕೆ ಅಂತೀಯ? ನೀನು ಫೋನ್ ಎತ್ತಿದರೆ ತಾನೆ, ತಾಯಿ! ಹೋದ ವಾರ ಮಾವ ಎತ್ತಿದರು. "ಮಾವಾ, ಯಶೋಧಾಗ ನಮ್ಮತ್ತಿ ಕಳಿಸಿದ ಆಡಿನ ಹಾಲು ಕೊಡಬ್ಯಾಡ್ರಿ" ಎಂದೆ. ಹಿಂದಿನಿಂದ ನಿನ್ನ ದನಿ ಬಂತು: "ಆಕಿಗಿ ಹೊಟ್ಟಿಕಿಚ್ಚು. ಇಡ್ರಿ ಫೋನು." ಮಾವ "ಆತವ್ವ" ಎಂದರು. ಆದರೆ ನಿಮ್ಮ ಮನೆಯಲ್ಲಿ ನಿನ್ನ ಮುಂದೆ ನಿನ್ನ ಗಂಡನ ಮಾತು ಎಷ್ಟು ನಡೆಯುತ್ತದೆಂದು ನನಗೆ ಗೊತ್ತಿಲ್ಲವೇ? ಏಳು ತಿಂಗಳ ಬಸುರಿಯ ವಿಷಯ ಇದು, ನಾವಿಬ್ಬರು ಮುನಿಸಿಕೊಂಡು ಕೂರುವ ಹೊತ್ತಲ್ಲ. ಪೂರ್ತಿ ಓದು, ಆಮೇಲೆ ಬೇಕಾದಷ್ಟು ಬೈ.

ನಮ್ಮತ್ತೆ ಆದೆಮ್ಮನನ್ನು ನೀನು ಬಲ್ಲೆ. ಓಣಿಯಲ್ಲಿ ಯಾರ ಆಡು ಈಯಲು ಒದ್ದಾಡಿದರೂ ಅದನ್ನು ಈಸಲು ಅವರಿಗೇ ಕರೆ. ಹುಟ್ಟಿದ ಮರಿ ಉಸಿರಾಡದಿದ್ದರೆ ಅದರ ಮೂಗಿಗೆ ತಮ್ಮ ಬಾಯಿ ಹಚ್ಚಿ, ಲೋಳೆ ಹೀರಿ ಉಗುಳಿ, ಉಸಿರು ಊದುತ್ತಿದ್ದರು. ಮರಿ 'ಮ್ಯಾ' ಎಂದಾಗ ಅವರ ಮುಖ ನೋಡಬೇಕಿತ್ತು ನೀನು! ಅಂಥ ಹೆಂಗಸು ಸಂಜೆಯಾದರೆ ಮೈ ಸುಡುವ ಜ್ವರ, ಸೀರೆ ಹಿಂಡುವಷ್ಟು ಬೆವರು, ಎದ್ದು ನಿಲ್ಲಲಾಗದ ಸೊಂಟನೋವು ಎಂದು ಮಲಗಿಬಿಟ್ಟರು. ಮಲೇರಿಯಾ ಎಂದರು, ಟೈಫಾಯ್ಡ್ ಎಂದರು, ಸೂಜಿ ಚುಚ್ಚಿದರು. ಏನೂ ಆಗಲಿಲ್ಲ. ಕೊನೆಗೆ ಇವರು ನಮ್ಮಿಬ್ಬರನ್ನೂ ರಾಯಚೂರಿಗೆ ಕರೆದುಕೊಂಡು ಹೋದರು.

ಅಲ್ಲಿ ವಿಶಾಖಾ ಎಂಬ ಡಾಕ್ಟರಮ್ಮ ಸಿಕ್ಕರು, ರೋಗಾಣುಗಳ ಬಗ್ಗೆಯೇ ಓದಿದವರು. ಎಷ್ಟು ತಾಳ್ಮೆ ಅಕ್ಕಾ, ಎಂಥ ಜಾಣತನ! ಅತ್ತೆಯ ರಕ್ತವನ್ನು ದಿನಗಟ್ಟಲೆ ಬೆಚ್ಚಗಿಟ್ಟು ಅದರಲ್ಲಿ ಏನು ಬೆಳೆಯುತ್ತದೆಂದು ಕಾದರು. ನಾವು ಮತ್ತೆ ಹೋದಾಗ ಮೊದಲು ಕೇಳಿದ್ದೇ ಇದು: "ಯವ್ವಾ, ಮನ್ಯಾಗ ಆಡು ಅದಾವೇನು? ಈಸೋರು ಯಾರು?"

"ನಾನೇ ರೀ, ಮತ್ಯಾರು!" ಅತ್ತೆಗೆ ಜ್ವರದಲ್ಲೂ ಜಂಬ.

"ಯಾವುದಾರ ಕಂದು ಹಾಕ್ಯಾದೇನು?"

ಕಂದು ಹಾಕುವುದೆಂದರೆ ದಿನ ತುಂಬುವ ಮೊದಲೇ ಆಡಿನ ಮರಿ ಸತ್ತು ಬೀಳುವುದು. ಎರಡು ವರ್ಷದಿಂದ ನಮ್ಮ ದೊಡ್ಡಿಯಲ್ಲಿ ಅದೇ ನಡೆದಿತ್ತು.

ಅತ್ತೆಯ ರಕ್ತದಲ್ಲಿ ಬೆಳೆದ ರೋಗಾಣು ಆಡಿನ ಗರ್ಭ ಸೇರಿ ಮರಿಯನ್ನು ಬೀಳಿಸುತ್ತದಂತೆ. ಆಮೇಲೆ ತಿಂಗಳುಗಟ್ಟಲೆ ಹಾಲಿನಲ್ಲಿ ಹೊರಬರುತ್ತದೆ. ಹಾಲು ಒಡೆಯುವುದಿಲ್ಲ, ನಾರುವುದಿಲ್ಲ. ಆಡೂ ಮೇಯ್ದುಕೊಂಡು ಗುಂಡುಗುಂಡಾಗಿಯೇ ಇರುತ್ತದೆ. ಆ ಹಾಲನ್ನು ಹಸಿಯಾಗಿ ಕುಡಿದರೆ, ಬರಿಗೈಯಲ್ಲಿ ಈಸಿದರೆ, ನಮ್ಮ ಮೈ ಸೇರುತ್ತದೆ. ರೋಗವನ್ನು ತಿಂದುಹಾಕಬೇಕಾದ ರಕ್ತದ ಕಣಗಳಲ್ಲೇ ಅಡಗಿ ಕೂರುತ್ತದಂತೆ, ಅದಕ್ಕೇ ಜ್ವರ ಹೋದಂತೆ ಮಾಡಿ ಮತ್ತೆ ಬರುವುದು. ಹಾಲು ಕುದಿಸಿದರೆ ಮಾತ್ರ ಸಾಯುತ್ತದೆ.

ಅತ್ತೆ ಬಿಡುವವರೇ? "ನನ್ನ ಕೆಡವಿದ್ದು ಯಾವುದು, ತೋರಸ್ರಿ ಒಮ್ಮಿ" ಎಂದು ಹಟ ಹಿಡಿದರು. ವಿಶಾಖಾ ಮೇಡಂ ನಗುತ್ತ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನಾನೂ ನೋಡಿದೆ, ಕೆಂಪು ಉಸುಕು ಉದುರಿಸಿದಂತಿತ್ತು. "ಇಷ್ಟೀಟು ಇದ್ದು ನನ್ನಂಥಾಕಿನ್ನ ಮಲಗಿಸ್ಯಾವಲ್ಲ, ಭಲೇ ಇವಕ್ಕ!" ಎಂದರು ಅತ್ತೆ. ಆಮೇಲೆ ಅವರ ಮುಖ ಇಳಿಯಿತು. "ನನ್ನ ಸೊಸಿ ರಕ್ತನೂ ನೋಡ್ರಿ. ಕಂದು ಹಾಕಿದ ಆಡಿಗಿ ಮರಿ ಇರಲ್ಲ, ಹಾಲು ಉಳೀತಾದ. ಬಸುರಿ ಗಟ್ಟಿ ಆಗಲಿ ಅಂತ ಕರದದ್ದು ಕರದಂಗ ಈಕಿಗೇ ಕುಡಿಸೀನಿ, ಎರಡೂ ಸಲ. ಎರಡೂ ಬಸುರು ಇಳದ್ವು."

ನನ್ನ ರಕ್ತದಲ್ಲೂ ಅದೇ ಸಿಕ್ಕಿತು. ವಿಶಾಖಾ ಮೇಡಂ ನನ್ನ ಕೈ ಹಿಡಿದು, "ಇದರಿಂದಾನೇ ಅಂತ ಆಣಿ ಮಾಡಿ ಹೇಳಾಕ ಆಗಲ್ಲ ತಂಗಿ. ಆದ್ರ ಹೊಟ್ಟ್ಯಾಗಿನ ಕೂಸು ಇದರಿಂದ ಹೋಗಬಹುದು" ಎಂದರು. ಲ್ಯಾಬಿನ ಬೆಂಚಿನ ಮೇಲೆ ಕೂತು ನಾನೂ ಅತ್ತೆಯೂ ಮನಸಾರೆ ಅತ್ತೆವು. ಅಲ್ಲಿಂದಲೇ ಮಾವನಿಗೆ ಫೋನ್ ಮಾಡಿದ್ದು.

ಊರಿಗೆ ಬಂದ ಮೇಲೆ ಅತ್ತೆ ಮಾಡಿದ್ದು ಕೇಳು. ಸಂತೆಯ ದಲ್ಲಾಳಿ ಬಂದು, ಯಾರಿಗೂ ಹೇಳದೆ ಆಡುಗಳನ್ನು ಮಾರಿಬಿಡಿ ಎಂದ. "ನನ್ನ ಮನಿ ಬ್ಯಾನಿ ಇನ್ನೊಬ್ರ ಮನಿಗಿ ಹೊಡೀಲೇನು? ನಡೀಲೇ!" ಎಂದು ಅಟ್ಟಿದರು. ಮರುದಿನ ನಲ್ಲಿಯ ಹತ್ತಿರ ಕೊಡ ಇಟ್ಟು, ನನ್ನ ಬಸಿರು ಇಳಿದದ್ದು ನನ್ನ ಕಾಲ್ಗುಣ ಎಂದು ಆಡಿಕೊಳ್ಳುತ್ತಿದ್ದ ಹೆಂಗಸರ ಮುಂದೆ ನಿಂತರು. "ಬ್ಯಾನಿ ಇದ್ದದ್ದು ನನ್ನ ಆಡಿನ ಹಾಲಿನ್ಯಾಗ, ಕುಡಿಸಿದಾಕಿ ನಾನು. ನನ್ನ ಸೊಸಿ ಹೆಸರು ಎತ್ತಿದೋರು ಇಲ್ಲಿ ಬರ್ರಿ." ಯಾರೂ ಬರಲಿಲ್ಲ. ಎಲ್ಲರ ಎದುರು ತಪ್ಪು ತಲೆಯ ಮೇಲೆ ಹಾಕಿಕೊಳ್ಳಲು ಎಂಥ ಎದೆಗಾರಿಕೆ ಬೇಕು ಅಕ್ಕಾ! ಅತ್ತೆಯ ಬಗ್ಗೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಈಗಲೂ ಆಡು ಈಸಲು ಕರೆ ಬಂದರೆ ಕೈಗವಸು ಹಾಕಿಕೊಂಡು ಹೋಗುತ್ತಾರೆ. ಬಾಯಿ ಹಚ್ಚುವುದಿಲ್ಲ, ಮರಿಯ ಮೂಗನ್ನು ಬಟ್ಟೆಯಿಂದ ಒರೆಸಿ, ಹುಲ್ಲುಕಡ್ಡಿಯಿಂದ ಕೆಣಕಿ ಸೀನಿಸುತ್ತಾರೆ.

ಈಗ ನಿಮ್ಮ ಮನೆಯ ಕರಿ ಆಡಿನ ಮಾತು. ಆಷಾಢದಲ್ಲಿ ನಮ್ಮಲ್ಲಿ ಕಂದು ಹಾಕಿದ ಆಡೇ ಅದು. ಮರಿಯಿಲ್ಲ, ಹಾಲು ಚೆನ್ನಾಗಿದೆ, ಯಶೋಧಾ ಕುಡಿಯಲಿ ಎಂದು ಅತ್ತೆಯೇ ಆಸೆಪಟ್ಟು ಕಳಿಸಿದ್ದರು. ಅದರ ಹಾಲು ನಿಲ್ಲಿಸು. ಅದನ್ನು ಮಾರಬೇಡಿ, ಬೇರೆ ಕಟ್ಟಿ. ಮಾನ್ವಿಯ ದನದ ಡಾಕ್ಟರು ಬಂದು ನೋಡುತ್ತಾರೆ. ಯಶೋಧಾಳನ್ನು ರಾಯಚೂರಿಗೆ ಕರೆದೊಯ್ದು ರಕ್ತ ತೋರಿಸು. ಬೇಗ ಗೊತ್ತಾದರೆ ಬಸುರಿಗೆ ಹೊಂದುವ ಮಾತ್ರೆ ಇವೆಯಂತೆ. ಈ ಪತ್ರ ತರುತ್ತಿರುವವರು ಅತ್ತೆಯೇ. ಜ್ವರ ಇಳಿದ ಕೂಡಲೇ, "ಕಳಿಸಿದಾಕಿ ನಾನು, ಹೇಳಾಕ ನಾನೇ ಹೋಗ್ತೀನಿ" ಎಂದು ಬಸ್ಸು ಹತ್ತಲು ನಿಂತಿದ್ದಾರೆ. ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಡ.

ನನ್ನ ಯಶೋಧಾಳ ಹೆರಿಗೆ ಹೂವೆತ್ತಿದಷ್ಟು ಸಲೀಸಾಗಲಿ, ಕೂಸು ಮನೆ ತುಂಬ ಕಿರುಚಾಡಲಿ.

ನಿನ್ನ ತಂಗಿ,
ಅಂಬಿಕಾ

ತಾ.ಕ.: ಯಶೋಧಾಳಿಗೆ ಸೀಮಂತದ ಕುಬಸ ಮಾಡುವುದಿಲ್ಲ, ಮನೆಮಂದಿಯೇ ಒಂದಿಷ್ಟು ಸಿಹಿ ಉಣ್ಣುತ್ತೇವೆ ಎಂದು ನೀನೇ ಹೇಳಿದ್ದೆ. ನಮ್ಮ ಓಣಿಯ ವಾಹಿದಾಳ ತವರು ನಿಮ್ಮ ಬೀದಿಯಲ್ಲೇ ಅಲ್ಲವೇ, ಅವಳು ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಬೀದಿಯ ಅಷ್ಟೂ ಹೆಂಗಸರು ಯಶೋಧಾಳ ಉಡಿ ತುಂಬುತ್ತಿದ್ದರು. ಎರಡು ಸಲ ಬಸಿರು ಇಳಿದವಳ ಕೈ ನಿನ್ನ ಮಗಳಿಗೆ ತಾಕಬಾರದೆನಿಸಿತೇ ಅಕ್ಕಾ? ಅವಳು ಸಣ್ಣವಳಿದ್ದಾಗ ಜಡೆ ಹಾಕುತ್ತಿದ್ದುದು ಇದೇ ಕೈ. ಅವಳಿಗೆಂದು ತೆಗೆದಿಟ್ಟಿದ್ದ ಹಸಿರು ಖಣ ಅತ್ತೆಯ ಚೀಲದಲ್ಲಿದೆ. ನಾನು ಕೊಟ್ಟದ್ದೆಂದು ಹೇಳಬೇಡ, ನಾನು ಬರುವುದೂ ಇಲ್ಲ. ಹಾಲು ಮಾತ್ರ ಇವತ್ತೇ ಚೆಲ್ಲು.