ಆರತಿ ನೀರು ಬಿದ್ದ ಇಂಜಿನ್

ಲೊಕ್ಕನಹಳ್ಳಿ
೨೧-೧೦-೨೦೦೩

ಸಿಂಧು ಅಪ್ಪನಿಗೆ ರಾಣಿ ಮಾಡುವ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ಮಸ್ಕತ್ತಿನ ಬಿಸಿಲು ಈಗಲಾದರೂ ತಗ್ಗಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮನಸ್ಸಿಗೆ ಬೇಜಾರಾದರೆ ತಟ್ಟೆ ದೂಡಿ ಕೂರುವ ಆಸಾಮಿ ನೀವು, ನನಗೆ ಗೊತ್ತಿಲ್ಲವೇ. ಇಲ್ಲಿ ನಿಮ್ಮಮ್ಮ ಎದ್ದು ಓಡಾಡುತ್ತಿದ್ದಾರೆ. ಸಿಂಧು ಶಾಲೆಗೆ ಹೋಗುತ್ತಿದ್ದಾಳೆ. ಮಾವನವರ ತಿಥಿ ಯಾವ ಕೊರತೆಯೂ ಇಲ್ಲದೆ ಆಯಿತು, ವಡೆ ಚೆನ್ನಾಗಿತ್ತು ಎಂದು ಬಂದವರೆಲ್ಲ ಹೇಳಿಹೋದರು. ನನಗೆ ಇನ್ನೂ ಅಳು ಬಂದಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಬಾಯಿಗೆ ತಿಳಿಯುತ್ತಿಲ್ಲ. ಅಮ್ಮನೂ ಹಾಕಿದ್ದನ್ನು ಹಾಗೇ ಉಣ್ಣುತ್ತಾರೆ.

ಮಾವ ಹೋದರೆಂದು ಫೋನಿನಲ್ಲಿ ಹೇಳಿದಾಗ ನೀವು ಕೇಳಿದ್ದು ಒಂದೇ ಮಾತು, ‘ಮನೇಲಿ ಕಾರಿತ್ತಲ್ಲ?’ ಇಂಜಿನ್ ಲೈಟು ಉರೀತಿತ್ತು ಅಂದೆ. ಬೂತಿನಲ್ಲಿ ಜನ ಕಾಯುತ್ತಿದ್ದರು, ಇಟ್ಟುಬಿಟ್ಟೆ. ಉಳಿದದ್ದನ್ನು ಈಗ ಬರೆಯುತ್ತೇನೆ.

ಆಯುಧಪೂಜೆಯ ದಿನ ಮಾವ ತಾವೇ ಕಾರು ತೊಳೆದರು. ಎತ್ತಿನ ಮೈ ತೊಳೆದ ಹಾಗೆ ಮಾತಾಡಿಸಿಕೊಂಡು ತೊಳೆಯುತ್ತಿದ್ದರಲ್ಲ, ಹಾಗೆಯೇ. ಆರತಿ ಎತ್ತಿದ ಕೆಂಪು ನೀರನ್ನು ನಾನು ಚಕ್ರಕ್ಕೆ ಹಾಕಲು ಹೋದರೆ ತಟ್ಟೆ ಕಿತ್ತುಕೊಂಡು, ‘ಎಳಿಯೋದು ಇಂಜಿನ್ನು, ದೃಷ್ಟಿ ತಾಕೋದೂ ಅದ್ಕೇಯ’ ಎಂದು ಬಾನೆಟ್ಟು ಎತ್ತಿಸಿ ಒಳಗೆ ಹುಯ್ದರು. ಎಲ್ಲರೂ ನಕ್ಕೆವು. ಅದಾಗಿ ಮೂರನೆಯ ದಿನ ಬೆಳಿಗ್ಗೆ ಜಗುಲಿಯಲ್ಲಿ ಎದೆ ಹಿಡಿದುಕೊಂಡು ಕೂತರು. ಬೆವರು ಧಾರಾಕಾರ. ಮೊದಲನೇ ಬಸ್ಸು ಹೋಗಿಯಾಗಿತ್ತು. ಪಕ್ಕದ ಮನೆಯ ಬಿಳಿಗಿರಿ ಓಡಿಬಂದು ಕಾರಿನ ಕೀ ತಿರುಗಿಸಿದ. ಸ್ಟಾರ್ಟ್ ಆಯಿತು, ಆದರೆ ಆ ಹಳದಿ ಇಂಜಿನ್ ಲೈಟು ಆರಲೇ ಇಲ್ಲ. ಅವನು ಕೈ ತೆಗೆದುಬಿಟ್ಟ. ‘ಅಕ್ಕಾ, ಈ ಲೈಟ್ ಉರಿದ್ರೆ ಗಾಡಿ ತಗೀಬ್ಯಾಡ, ಇಂಜಿನ್ ಸುಟ್ಟೋಯ್ತದೆ ಅಂತ ಸಿವಣ್ಣ ಮಾದಪ್ಪನ ಆಣೆ ಹಾಕ್ಸವ್ನೆ’ ಅಂದ. ಹೌದು, ನೀವು ಹೊರಡುವ ದಿನ ನನ್ನೆದುರಿಗೇ ಹಾಕಿಸಿದ್ದಿರಿ. ನಾನು ಮಾವನ ಮುಖ ನೋಡಿದೆ. ಅಷ್ಟು ನೋವಿನಲ್ಲೂ, ‘ಮಗ ಬ್ಯಾಡ ಅಂದವ್ನೆ, ಬ್ಯಾಡ. ಟ್ಯಾಕ್ಟ್ರು ತರ್ಸಿ’ ಅಂದರು. ಜೋಳದ ಟ್ರ್ಯಾಕ್ಟರ್ ಸಿಕ್ಕಿತು. ಗೋಣಿಚೀಲ ಹಾಸಿ ಮಲಗಿಸಿದೆವು, ತಲೆ ನನ್ನ ತೊಡೆಯ ಮೇಲಿತ್ತು. ಆ ರಸ್ತೆ ನಿಮಗೇ ಗೊತ್ತು. ಮಧುವನಹಳ್ಳಿ ಹತ್ತಿರ ನೀರು ಕೇಳಿದರು, ಕುಡಿಸಿದೆ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹಿಡಿದು ನೋಡಿ ಬಿಟ್ಟರು.

ತಿಥಿ ಮುಗಿದ ಮೇಲೆ ಕಾರನ್ನು ಕೊಳ್ಳೇಗಾಲಕ್ಕೆ ಒಯ್ದೆವು. ಆಣೆ ಮುರಿಯಬಾರದೆಂದು ಬಿಳಿಗಿರಿ ಅದನ್ನು ಓಡಿಸಲಿಲ್ಲ, ಹಗ್ಗ ಕಟ್ಟಿ ಅದೇ ಟ್ರ್ಯಾಕ್ಟರಿನಲ್ಲಿ ಎಳೆಸಿದ. ನಾನೂ ಹೋದೆ, ಏನಾಗಿತ್ತು ಎಂದು ನನ್ನ ಕಣ್ಣಾರೆ ನೋಡಬೇಕಿತ್ತು. ಮೆಕ್ಯಾನಿಕ್ ಪುಟ್ಟಬಸಪ್ಪ ಬಾನೆಟ್ಟಿನ ಕೆಳಗಿನ ಒಂದು ಡಬ್ಬಿಗೆ ತುಂಡು ತಂತಿ ಸಿಕ್ಕಿಸಿ ಕೀ ತಿರುಗಿಸಿದ. ಹಳದಿ ಲೈಟು ಮಿಟುಕತೊಡಗಿತು. ಎಷ್ಟು ಸಲ ಮಿಟುಕುತ್ತದೆ ಎನ್ನುವುದರಲ್ಲೇ ರೋಗ ಎಲ್ಲಿದೆ ಎಂದು ತಿಳಿಯುತ್ತದಂತೆ. ಅವನು ಎಣಿಸಿ, ಇಂಜಿನ್ನಿನ ಪಕ್ಕದ ಒಂದು ಸಣ್ಣ ಪ್ಲಗ್ ಕಿತ್ತು ನನ್ನ ಮುಂದೆ ಬಗ್ಗಿಸಿದ. ಒಳಗಿನಿಂದ ಒಂದು ತೊಟ್ಟು ಕೆಂಪು ನೀರು ಬಿತ್ತು. ಬಟ್ಟೆಯಲ್ಲಿ ಒರೆಸಿ, ಊದಿ, ಮತ್ತೆ ಸಿಕ್ಕಿಸಿದ. ಲೈಟು ಆರಿತು. ‘ಇಷ್ಟುಕ್ಕೆ ಎಳ್ಕಂಡ್ ಬಂದ್ರಾ? ಲೈಟ್ ಉರೀಲಿ ಬುಡಿ, ಇದ್ರಲ್ಲಿ ಮೈಸೂರ್‌ಗೇ ಓಗ್ಬೋದಿತ್ತಲ್ಲವ್ವಾ’ ಅಂದ, ಪಾಪ, ಅವನಿಗೇನು ಗೊತ್ತು. ಬಿಳಿಗಿರಿ ಅಲ್ಲೇ ಎಣ್ಣೆ ನೆಲದ ಮೇಲೆ ಕೂತು ಅತ್ತ. ನಾನು ಆರಿದ ಲೈಟನ್ನೇ ನೋಡುತ್ತಾ ನಿಂತಿದ್ದೆ.

ಸುಳ್ಳು ಬರೆಯೋಣ ಎಂದುಕೊಂಡೆ. ಆದರೆ ನೀವು ಡ್ರೈವರ್, ಬಂದ ದಿನವೇ ಕಂಡುಹಿಡಿಯುತ್ತೀರಿ. ಅಪ್ಪ ಅಮ್ಮನಿಗೆ ಆಸ್ಪತ್ರೆಗೆಂದೇ ಆ ಹಳೇ ಕಾರು ಕೊಂಡಿರಿ, ಅದು ಕೆಡಬಾರದೆಂದು ಆಣೆ ಹಾಕಿಸಿದಿರಿ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಇರಬೇಕಿತ್ತೇನೋ, ಹುಡುಕಿದರೂ ಸಿಗುತ್ತಿಲ್ಲ.

ಅಮ್ಮನ ಆಶೀರ್ವಾದ, ಸಿಂಧುವಿನ ಮುತ್ತು. ಮಾದಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿಮ್ಮ
ರಾಣಿ

ಮರೆತಿದ್ದೆ: ಇಂಜಿನ್ ಪೂರ್ತಿ ಸುಟ್ಟುಹೋಗಿತ್ತಂತೆ, ಗಾಡಿ ತೆಗೆದಿದ್ದರೂ ಊರು ದಾಟುತ್ತಿರಲಿಲ್ಲ ಎಂದು ಅಮ್ಮನಿಗೆ ಹೇಳಿದ್ದೇನೆ. ‘ಅಂಗಾರೆ ನನ್ ಮಗ ಯೋಳಿದ್ದೇ ಸರಿ ಆಯ್ತು’ ಅಂದು ಅವತ್ತೇ ಮೊದಲ ಸಲ ನಿದ್ದೆ ಮಾಡಿದರು. ನಿಮ್ಮ ಕಾಗದವನ್ನು ಸಿಂಧು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ, ಆದ್ದರಿಂದ ನೀವೂ ಹಾಗೆಯೇ ಬರೆಯಿರಿ. ಕಾರು ಪುಟ್ಟಬಸಪ್ಪನ ಶೆಡ್ಡಿನಲ್ಲಿದೆ. ಚೆನ್ನಾಗಿ ಓಡುತ್ತದೆ. ಅದಕ್ಕೇ ಮನೆಗೆ ತಂದಿಲ್ಲ.