ಹಿಡಿಯೂ ಬಿದಿರಿನದೇ

ತಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾರ್ಖಾನೆಯೂ ಚೆನ್ನಾಗಿ ನಡೆಯುತ್ತಿರಬೇಕು. ಬಿದಿರು ಬೆಂದ ವಾಸನೆ ನಾನು ಬುಟ್ಟಿ ಹೆಣೆಯುವ ಕೋಣೆಯವರೆಗೂ ಬರುತ್ತದೆ.

ಕಾರ್ಖಾನೆ ಹಾಕುವ ಮುಂಚೆ ಮನೆಗೆ ಬಂದಾಗ ನೀನು ನನ್ನ ಕಾಲ ಬಳಿ ಬಿದ್ದಿದ್ದ ಸಿಪ್ಪೆ, ಚೂರನ್ನೆಲ್ಲ ಬಾಚಿಕೊಂಡು, "ಅಕ್ಕಾ, ಇದರಿಂದ ಅಂಟು ಮಾಡಬಹುದು, ಬಣ್ಣ ಕರಗಿಸೋ ದ್ರವ ಮಾಡಬಹುದು. ನಿಮ್ಮಗಳ ಕಸ ಸಾಕು ನನಗೆ, ಒಂದು ಬಿದಿರೂ ಕಡಿಸಲ್ಲ" ಅಂದಿದ್ದೆ. ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬೀಗಿದೆ. ಒಲೆಗೂ ಹಾಕದೆ ಚೀಲ ಕಟ್ಟಿಟ್ಟೆ.

ಮೊನ್ನೆ ಬೊಂಬಿನ ಅಂಗಡಿಗೆ ಹೋದರೆ ಒಂದು ಬೊಂಬೂ ಇರಲಿಲ್ಲ. "ಈ ವರ್ಷ ಬರೋ ಮಾಲೆಲ್ಲ ನಿಮ್ಮ ತಮ್ಮನೇ ಹಿಡಿದುಬಿಟ್ರಲ್ಲಮ್ಮ, ಗೊತ್ತಿಲ್ವಾ?" ಅಂದ ಅಂಗಡಿಯವನು. ಗೊತ್ತಿದೆ ಅಂದೆ. ಬೇರೇನು ಹೇಳಲಿ?

ನಂಬಲಾಗದೆ ನಿನ್ನ ಗೇಟಿನವರೆಗೂ ಬಂದೆ. ಹಸಿ ಬೊಂಬುಗಳು ಇಡಿಯಾಗಿ ಯಂತ್ರದ ಬಾಯಿಗೆ ಹೋಗಿ, ಆಚೆ ಚೂರಾಗಿ ಬೀಳುತ್ತಿದ್ದವು. ಆ ರಾಶಿಯ ಮುಂದೆ 'ಬಿದಿರಿನ ತ್ಯಾಜ್ಯ' ಎಂದು ನಿನ್ನ ಬೋರ್ಡು. ನಿನ್ನನ್ನು ಕರೆಯದೆ ವಾಪಸಾದೆ.

ಇನ್ನು ಕಸಕ್ಕೆ ಗಾಡಿ ಕಳಿಸಬೇಡ. ಬುಟ್ಟಿ ಹೆಣೆದರೆ ತಾನೇ ಕಸ ಬೀಳುವುದು? ಈ ಪತ್ರದ ಜೊತೆ ಕೊನೆಯ ಚೀಲ ಕಳಿಸಿದ್ದೇನೆ. ಅದರೊಳಗೆ ನಾನು ಬೊಂಬು ಸೀಳುವ ಕತ್ತಿಯೂ ಇದೆ. ಹುಷಾರು, ಕೈ ಕೊಯ್ದುಕೊಂಡೀಯ. ಅದರ ಹಿಡಿಯೂ ಬಿದಿರಿನದೇ, ಕಿತ್ತು ಅದನ್ನೂ ಬೇಯಿಸಿಕೋ. ಕಬ್ಬಿಣ ಮಾತ್ರ ವಾಪಸು ಕಳಿಸು. ಅದು ಅಪ್ಪನದು.

ಇಷ್ಟೇ,
ಅಕ್ಕ